ಒಪ್ಪಿಗೆಯಾಗದ ಸಾಲು

ತೆರೆದೊಡನೆ ಕಂಡದ್ದು ಒಂದು ಬಿಳಿ ಪುಟ. ಪುಟದ ನಡುವೆ ಉದ್ದನೆಯ ಖಾನೆ, ಖಾನೆಯೊಳಗೆ ಮಿಟುಕುತ್ತ ನಿಂತ ಸಣ್ಣ ಕಪ್ಪು ಗೆರೆ. ಅಷ್ಟೇ. ಹೊಸ ಬ್ರೌಸರ್ ನಾನು ಏನಾದರೂ ಹೇಳಲೆಂದು ಕಾಯುತ್ತಿತ್ತು. ನನಗೆ ಹೇಳುವಂಥದ್ದು ಏನೂ ಇರಲಿಲ್ಲ. ಮಧ್ಯಾಹ್ನದ ಹೊತ್ತು, ಭಾವ ಒಳಗೆ ಮಲಗಿದ್ದರು. ನಾನು ಆ ಗೆರೆಯನ್ನೇ ನೋಡುತ್ತ ಕೂತಿದ್ದೆ.

ನೀಲಗಂಗಕ್ಕ ತೀರಿಕೊಂಡು ಆಗಿನ್ನೂ ತಿಂಗಳು ತುಂಬಿರಲಿಲ್ಲ. ಅವಳು ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಜ್ವರವೆಂದು ಆಸ್ಪತ್ರೆಗೆ ಹೋದವಳು ಮನೆಗೆ ಮರಳಲೇ ಇಲ್ಲ. ಬಂದವರೆಲ್ಲ "ಅತ್ತುಬಿಡಮ್ಮ, ಹಗುರಾಗುತ್ತೆ" ಎಂದು ನನ್ನ ಬೆನ್ನು ಸವರಿದರು. ಅಳು ಬಂದರಲ್ಲವೇ ಅಳುವುದು! ಅನ್ನ ಮಾಡುತ್ತಿದ್ದೆ, ಬಡಿಸುತ್ತಿದ್ದೆ, ತಿನ್ನುತ್ತಿದ್ದೆ. ಒಂದು ದಿನ ಸಾರಿಗೆ ಉಪ್ಪೇ ಹಾಕಿರಲಿಲ್ಲವೆಂದು ಭಾವ ಮೆಲ್ಲಗೆ ಹೇಳಿದಾಗ, ನಾನು ಅದನ್ನು ಎರಡು ಸಲ ಬಡಿಸಿಕೊಂಡು ಉಂಡದ್ದು ನೆನಪಾಯಿತು. ಇಡೀ ಮೈಯೇ ಮರಗಟ್ಟಿ ಹೋಗಿತ್ತು.

ಆ ಬ್ರೌಸರನ್ನು ಕನ್ನಡಕ್ಕೆ ತಂದವರಲ್ಲಿ ನಾವಿಬ್ಬರೂ ಇದ್ದೆವು. ಸಂಬಳದ ಕೆಲಸವಲ್ಲ, ಮನಸ್ಸಿಗೆ ಬಂದು ಮಾಡಿದ್ದು. ನಮ್ಮ ಊರಿನ ಭೂಗೋಳದ ಮೇಷ್ಟ್ರು ಇನಾಯತ್ ಸಾಹೇಬರು ನಿವೃತ್ತರಾದ ಮೇಲೆ ಇದನ್ನು ಹಚ್ಚಿಕೊಂಡು ಹತ್ತಾರು ಜನರನ್ನು ಕಲೆಹಾಕಿದ್ದರು. ಅವರ ಕಟ್ಟಳೆ ಒಂದೇ. ಒಬ್ಬರು ಬರೆದ ಮಾತನ್ನು ಇನ್ನೊಬ್ಬರು ಒಪ್ಪಬೇಕು, ಒಪ್ಪಿಗೆಯನ್ನು ಮೇಷ್ಟ್ರಿಗೆ ಕಳಿಸಬೇಕು. ತಾನು ಬರೆದದ್ದನ್ನು ತಾನೇ ಒಪ್ಪುವಂತಿಲ್ಲ. ಯಾವ ಮಾತಿಗೆ ಒಪ್ಪಿಗೆ ಸಿಗುವುದಿಲ್ಲವೋ ಅದು ಇಂಗ್ಲಿಷಿನಲ್ಲೇ ಉಳಿಯುತ್ತದೆ. ನಾನು ಮತ್ತು ಅಕ್ಕ ಒಂದು ಜೋಡಿ.

ಆ ಜೋಡಿಯ ಚೆಂದವನ್ನು ಏನು ಹೇಳಲಿ! ಅಕ್ಕ ಸಂಸ್ಕೃತ ಓದಿದವಳು. ಅಡುಗೆಮನೆಯಲ್ಲಿ "ಸರಿಯಾಗಿ ಹುಡುಕೇ, ಮೂತಿ ಮುಂದೇನೇ ಇದೆ" ಎನ್ನುತ್ತಿದ್ದವಳು ಕಂಪ್ಯೂಟರಿನ ಮುಂದೆ ಕೂತರೆ ಸಾಕು, ಹುಡುಕುವ ಗುಂಡಿಗೆ 'ಅನ್ವೇಷಿಸು' ಎಂದು ಬರೆದುಬಿಡುವಳು. ಇಳಿಸಿಕೊಳ್ಳುವುದಕ್ಕೆ 'ಅವರೋಹಿಸು'. ಖಾಸಗಿ ಕಿಟಕಿಗೆ 'ನಿಗೂಢ ವಾತಾಯನ'.

"ವಾತಾಯನ ಅಂದ್ರೆ ಜನ ಮೂಗು ಹಿಡ್ಕೊಂಡು ಪ್ರಾಣಾಯಾಮಕ್ಕೆ ಕೂತ್ಕೋತಾರೆ ಅಕ್ಕಾ!" ಎಂದು ನಾನು ರೇಗುತ್ತಿದ್ದೆ.

"ಕೂತ್ಕೊಳ್ಳಲಿ ಬಿಡು, ಆರೋಗ್ಯಕ್ಕೆ ಒಳ್ಳೇದು."

"ಕಿಟಕಿ ಅನ್ನೋಕೆ ನಿನಗೇನು ರೋಗ?"

"ಬ್ರೌಸರ್ ಅಂದಮೇಲೆ ಒಂದು ಗತ್ತು ಬೇಡವೇನೇ? ನಿನ್ನ ಕನ್ನಡ ಸಂತೆಪೇಟೆ ಕನ್ನಡ."

ಹೀಗೆ ಶುರುವಾದದ್ದು ಕಾಫಿಯ ಹೊತ್ತಿನವರೆಗೆ ಎಳೆಯುತ್ತಿತ್ತು. ಭಾವ ಪೇಪರಿನಿಂದ ತಲೆಯೆತ್ತಿ, "ಒಂದು ಕಿಟಕಿಗೋಸ್ಕರ ಇಬ್ಬರೂ ಕುತ್ತಿಗೆ ಹಿಚುಕಿಕೊಳ್ಳಬೇಡಿ" ಎನ್ನುವರು. ನನಗೆ ಅವಳ ಮೇಲೆ ನಿಜವಾಗಿಯೂ ಸಿಟ್ಟು ಬರುತ್ತಿತ್ತು. ಹಟಮಾರಿ ಹೆಂಗಸು, ಒಂದು ಮಾತನ್ನೂ ಬಿಟ್ಟುಕೊಡುವವಳಲ್ಲ ಎಂದುಕೊಳ್ಳುತ್ತಿದ್ದೆ. ಬೆಳಗ್ಗೆ ಎದ್ದು ಹಲ್ಲುಜ್ಜುವಾಗಲೇ ಅವಳಿಗೆ ಏನು ತಿರುಗೇಟು ಕೊಡಬೇಕೆಂದು ಯೋಚಿಸುತ್ತಿದ್ದೆ. ನಾನು ಅವಳ ಒಂದು ಮಾತನ್ನೂ ಒಪ್ಪಿರಲಿಲ್ಲ. ಅವಳೂ ನನ್ನದನ್ನು ಒಪ್ಪಿಲ್ಲವೆಂದೇ ತಿಳಿದಿದ್ದೆ.

ಈಗ ಬ್ರೌಸರ್ ಸಿದ್ಧವಾಗಿ, ಹೊರಬರುವ ಮುಂಚೆ ಪರೀಕ್ಷೆಗೆಂದು ನಮಗೆಲ್ಲ ಕಳಿಸಿದ್ದರು. ಮೇಷ್ಟ್ರು ಬೆಳಗ್ಗೆ ಫೋನು ಮಾಡಿ, "ಬಳಸಿ ನೋಡಮ್ಮಾ. ಹೊಸಬಳ ಹಾಗೆ ನೋಡು. ಮೊದಲ ನೋಟಕ್ಕೆ ಏನನ್ನಿಸ್ತು ಅಂತ ಹೇಳು. ಇವತ್ತು ಸಾಯಂಕಾಲ ಮಾತುಗಳಿಗೆಲ್ಲ ಬೀಗ ಬೀಳುತ್ತೆ. ಆಮೇಲೆ ಬದಲಾಯಿಸೋಕಾಗಲ್ಲ" ಎಂದಿದ್ದರು. ಹೂಂ ಎಂದಿದ್ದೆ. ಆಗೆಲ್ಲ ಯಾರು ಏನು ಹೇಳಿದರೂ ಹೂಂ ಎನ್ನುತ್ತಿದ್ದೆ.

ನೋಡಿದೆ. ಚುರುಕಾಗಿ ತೆರೆದುಕೊಳ್ಳುತ್ತಿತ್ತು. ಹಳೆಯ ಬ್ರೌಸರಿನಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತಿದ್ದವು, ಇದರಲ್ಲಿ ಪ್ರತಿ ಸಾಲೂ ಉಸಿರಾಡುವಷ್ಟು ಜಾಗ ಬಿಟ್ಟು ನಿಂತಿತ್ತು. ಜಾಹೀರಾತುಗಳ ಕಾಟವಿಲ್ಲ. ತೆರೆದ ಪುಟಗಳ ಪಟ್ಟಿ ಮೇಲಿರುವ ಬದಲು ಕೆಳಗಿತ್ತು, ಕೈಗೆ ಅದೇ ಹಿತ. ಎಲ್ಲವೂ ಚೆನ್ನಾಗಿದೆ ಎಂದು ತಿಳಿಯುತ್ತಿತ್ತು. ಚೆನ್ನಾಗಿದೆ ಎಂದು ಅನ್ನಿಸುತ್ತಿರಲಿಲ್ಲ.

ಆಮೇಲೆ ಮಾತುಗಳನ್ನು ನೋಡತೊಡಗಿದೆ. ಹಾಗೆ ನೋಡುವಾಗ ನನಗೆ ಬೇಕಾಗಿದ್ದದ್ದು ಒಂದೇ, ನೀಲಗಂಗಕ್ಕನ ಒಂದು ಮಾತು. ಮನೆಯಲ್ಲಿ ಅವಳ ಸೀರೆಗಳನ್ನು ಅವಳ ತಂಗಿ ಒಯ್ದಿದ್ದಳು, ಅವಳ ಮಂಚವನ್ನು ಭಾವ ಅಟ್ಟಕ್ಕೆ ಹಾಕಿಸಿದ್ದರು. ಇಷ್ಟು ವರ್ಷ ಹಟ ಹಿಡಿದು ಬರೆದವಳದು ಇದರಲ್ಲಾದರೂ ಇರಬೇಕಲ್ಲ. ಕೊನೆಗೆ ಮೇಷ್ಟ್ರೇ ಮನಸ್ಸು ಕರಗಿ ಯಾವುದನ್ನೋ ಒಪ್ಪಿರಬಹುದು. ಒಂದು 'ಅನ್ವೇಷಿಸು' ಸಿಕ್ಕಿದರೂ ಸಾಕಿತ್ತು.

ಖಾನೆಯ ಪಕ್ಕದ ಗುಂಡಿಯ ಮೇಲೆ 'ಹುಡುಕು' ಎಂದಿತ್ತು. ಅದು ನನ್ನದು. ಕೆಳಗೆ 'ಇಳಿಸಿಕೊ'. ಅದೂ ನನ್ನದು. ಮೂರು ಚುಕ್ಕೆ ಒತ್ತಿದೆ. 'ಪುಟಗುರುತು', 'ಖಾಸಗಿ ಕಿಟಕಿ', 'ಹಿಂದಿನದು ಅಳಿಸು'. ಒಂದರ ಹಿಂದೆ ಒಂದು ತೆರೆಯುತ್ತ ಹೋದೆ. ನಾವು ತಿಂಗಳುಗಟ್ಟಲೆ ಕಾದಾಡಿದ್ದ ಮಾತುಗಳೆಲ್ಲ ನನ್ನವೇ ಆಗಿ ಕೂತಿದ್ದವು. ಆ ಬ್ರೌಸರಿನ ತುಂಬ ನಾನೇ ಇದ್ದೆ. ಅವಳು ಎಲ್ಲಿಯೂ ಇರಲಿಲ್ಲ.

ಮೇಷ್ಟ್ರಿಗೆ ಫೋನು ಮಾಡಿದೆ. "ಅಕ್ಕನ ಮಾತುಗಳನ್ನೆಲ್ಲ ಯಾಕೆ ತೆಗೆದುಹಾಕಿದಿರಿ?" ಎಂದು ಕೇಳಿದೆ. ಧ್ವನಿ ನನ್ನದೇ ಹೌದೋ ಅಲ್ಲವೋ ಎನ್ನುವಂತಿತ್ತು.

"ನಾನೆಲ್ಲಿ ತೆಗೆದೆನಮ್ಮಾ? ಅವರೇ ನಿನ್ನವನ್ನ ಒಪ್ಪಿ ಕಳಿಸಿದ್ದು."

"ಆಸ್ಪತ್ರೆಯಲ್ಲಿದ್ದಾಗಲಾ?"

"ಅಲ್ಲ. ಮೊದಲಿಂದಲೂ. ನೀನು ಒಂದು ಮಾತು ಬರೆದರೆ ಅವತ್ತೇ ಸಾಯಂಕಾಲ ಅವರ ಒಪ್ಪಿಗೆ ನನಗೆ ಬರ್ತಿತ್ತು."

"ಅದು ಹೇಗೆ ಸಾಧ್ಯ ಮೇಷ್ಟ್ರೇ? ಕಿಟಕಿ ಬಗ್ಗೆ ಮಳೆಗಾಲ ಪೂರ್ತಿ ಜಗಳ ಆಡಿದೀವಿ."

"ಒಪ್ಪಿಗೆ ಬಂದಮೇಲೂ ಜಗಳ ನಡೀತಿತ್ತು ಅಂತ ನಂಗೂ ಗೊತ್ತು. ಒಂದ್ಸಲ ಕೇಳಿದೆ, ಇದೇನ್ರೀ ನೀಲಗಂಗಮ್ಮಾ, ಒಪ್ಪಿದ್ದನ್ನ ಅವಳಿಗೆ ಹೇಳೋಕೆ ಏನು ದಾಡಿ ಅಂತ. ಹೇಳಬೇಡಿ ಸಾರ್ ಅಂದ್ರು. ಅವಳು ಕಂಪ್ಯೂಟರ್ ಮುಂದೆ ಬಂದು ಕೂತ್ಕೊಳ್ಳೋದೇ ನನ್ನ ಜೊತೆ ಜಗಳ ಆಡೋಕೆ. ಬರೆದದ್ದು ಸರಿಯಾಗಿದೆ ಅಂದ್ಬಿಟ್ರೆ ಎದ್ದು ರೂಮಿಗೆ ಹೋಗಿ ಬಾಗಿಲು ಹಾಕ್ಕೋತಾಳೆ. ಅದಕ್ಕೇ ಹುಡುಕಿ ಹುಡುಕಿ ದರಿದ್ರ ಪದ ಬರೀತೀನಿ ಅಂದ್ರು."

ಫೋನಿನಲ್ಲಿ ಮೇಷ್ಟ್ರು ಇನ್ನೂ ಏನೋ ಹೇಳುತ್ತಿದ್ದರು. ನಾನು ಪರದೆಯನ್ನು ನೋಡುತ್ತಿದ್ದೆ. ಮತ್ತೆ ಅದೇ ಬಿಳಿ ಪುಟ, ಮಿಟುಕುತ್ತ ನಿಂತ ಅದೇ ಗೆರೆ.

ನನ್ನ ಗಂಡ ಅಪಘಾತದಲ್ಲಿ ಹೋದಾಗ ನಾನು ಆ ಮನೆಗೆ ಬಂದು ಎರಡು ವರ್ಷ ಕೂಡ ಆಗಿರಲಿಲ್ಲ. ಆಗಲೂ ಹೀಗೇ ಆಗಿತ್ತು. ಬಾಗಿಲು ಹಾಕಿಕೊಂಡು ಮಲಗಿರುತ್ತಿದ್ದೆ, ಯಾರೊಂದಿಗೂ ಮಾತಿಲ್ಲ. ಎಲ್ಲರೂ ಸಮಾಧಾನ ಹೇಳಿ ಸೋತು ಹೋದರು. ಅಕ್ಕ ಒಬ್ಬಳು ಸಮಾಧಾನ ಹೇಳಲಿಲ್ಲ. ಒಂದು ದಿನ ಬಾಗಿಲ ಹೊರಗೆ ನಿಂತು, "ಏ, ಸರ್ಚ್ ಅನ್ನೋದಕ್ಕೆ ಅನ್ವೇಷಿಸು ಅಂತ ಬರೆದಿದೀನಿ, ಸರಿಯಾಗಿದೆ ಅಲ್ವಾ?" ಎಂದಳು. ನಾನು ಒಳಗಿನಿಂದಲೇ "ಥೂ" ಎಂದೆ. ಅದು ಎಷ್ಟೋ ದಿನಗಳ ಮೇಲೆ ನನ್ನ ಬಾಯಿಂದ ಹೊರಟ ಮಾತು. "ಥೂ ಅಂದ್ರೆ ಸಾಲದು, ಎದ್ದು ಬಂದು ಬೇರೆ ಹೇಳು" ಎಂದಿದ್ದಳು. ನಾನು ಎದ್ದು ಬಂದಿದ್ದೆ. ಅವಳ ಗತ್ತು, ಪಾಂಡಿತ್ಯದ ಜಂಭ, ಹಟ ಎಂದು ನಾನು ಇಷ್ಟು ವರ್ಷ ಬೈದುಕೊಂಡದ್ದೆಲ್ಲ ನನ್ನನ್ನು ರೂಮಿನಿಂದ ಹೊರಗೆ ಕರೆಯುವ ಉಪಾಯವಾಗಿತ್ತು. ಪಾಪಿ, ಸಾಯುವಾಗಲೂ ಬಾಯಿ ಬಿಡಲಿಲ್ಲ.

"ಕೇಳಿಸ್ತಾ ಇದೆಯೇನಮ್ಮಾ?" ಮೇಷ್ಟ್ರು ಕೂಗುತ್ತಿದ್ದರು. "ಒಂದು ಸಾಲು ಬಾಕಿ ಇದೆ ಅಂದೆ. ನೆಟ್ ಹೋದಾಗ ಬರೋ ಸಾಲು. ಜ್ವರ ಬರೋ ಮುಂಚೆ ಬರೆದದ್ದು ಅವರು. ನೀನು ನೋಡೇ ಇಲ್ಲ."

ಅವರು ಹೇಳಿದ ಕಡೆ ತೆರೆದು ಓದಿದೆ. 'ಜಾಲಸಂಪರ್ಕವು ವಿಚ್ಛೇದಿತವಾಗಿದೆ. ಕಿಂಚಿತ್ ಕಾಲಾನಂತರ ಪುನಃ ಪ್ರಯತ್ನಿಸತಕ್ಕದ್ದು.'

ವಿಚ್ಛೇದಿತವಂತೆ! ನೆಟ್ ಹೋಯಿತೆಂದು ಜನ ಕೋರ್ಟಿಗೆ ಹೋಗಬೇಕೇನೇ ಅಕ್ಕಾ ಎಂಬ ಮಾತು ನಾಲಿಗೆಯ ತುದಿಗೆ ಬಂದುಬಿಟ್ಟಿತು. ಅವಳು ಬಯಸಿದ್ದದ್ದೂ ಅದನ್ನೇ. ಆ ಸಾಲನ್ನು ಅಲ್ಲಿ ಇಟ್ಟು, ನಾನು ರೇಗುವುದನ್ನು ನೋಡಲು ಕಾದಿರಬೇಕು. ಅಷ್ಟರಲ್ಲಿ ಜ್ವರ ಬಂತು.

"ಅದನ್ನ ನೀನು ಒಪ್ಪಿದ್ರೆ ಅವರದು ಒಂದಾದ್ರೂ ಉಳಿಯುತ್ತೆ," ಮೇಷ್ಟ್ರು ಮೆತ್ತಗೆ ಹೇಳಿದರು. "ಜನಕ್ಕೆ ಕಷ್ಟ ನಿಜ. ಆದ್ರೂ ಪರವಾಗಿಲ್ಲ, ನಾನೇನೂ ತಕರಾರು ಮಾಡಲ್ಲ."

ನನಗೆ ಬೇಕಾಗಿದ್ದದ್ದು ಅದೇ ತಾನೇ? ಒಪ್ಪಿಗೆಯ ಗುಂಡಿ ಒತ್ತಲು ಕೈ ಹೋಯಿತು. ಅರ್ಧಕ್ಕೆ ನಿಂತಿತು. ಇದನ್ನು ಒಪ್ಪಿದರೆ ಅವಳು ಏನೆನ್ನುತ್ತಿದ್ದಳೆಂದು ನನಗೆ ಗೊತ್ತಿತ್ತು. 'ಅಯ್ಯೋ, ಇಂಥದ್ದಕ್ಕೂ ಹೂಂ ಅಂದ್ಯಾ? ಏನಾಗಿದೆಯೇ ನಿಂಗೆ?' ಎನ್ನುತ್ತಿದ್ದಳು.

"ಇಲ್ಲ ಮೇಷ್ಟ್ರೇ. ಇದು ಆಗಲ್ಲ."

"ಹಾಗಾದ್ರೆ ನಿನ್ನದು ಹೇಳು. ನಾನು ಒಪ್ಪಿ ಮುಗಿಸ್ತೀನಿ."

ನನ್ನದು ಸಿದ್ಧವೇ ಇತ್ತು. 'ನೆಟ್ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ನೋಡಿ.' ಹೇಳಲು ಬಾಯಿ ತೆರೆದೆ. ನಾನು ಹೇಳುತ್ತೇನೆ, ಮೇಷ್ಟ್ರು ಸರಿ ಎನ್ನುತ್ತಾರೆ, ಮುಗಿದುಹೋಗುತ್ತದೆ. ಯಾರೂ 'ಸಂತೆಪೇಟೆ' ಎಂದು ಮೂದಲಿಸುವುದಿಲ್ಲ. ಅಷ್ಟು ಸುಲಭಕ್ಕೆ ಮುಗಿಯುವುದು ನನಗೆ ಬೇಡವಾಗಿತ್ತು.

"ನೀವು ಒಪ್ಪಬೇಡಿ," ಎಂದೆ. "ಹಾಗೇ ಇರಲಿ."

"ಇಂಗ್ಲಿಷಲ್ಲೇ ಉಳಿದುಬಿಡುತ್ತಲ್ಲೇ ತಾಯಿ! ಇಡೀ ಬ್ರೌಸರ್ ಕನ್ನಡ, ಅದೊಂದು ಸಾಲು ಮಾತ್ರ..."

"ಉಳೀಲಿ."

ಮೇಷ್ಟ್ರು ನಿಟ್ಟುಸಿರು ಬಿಟ್ಟರು. ಆಮೇಲೆ, "ಅದಿರಲಿ, ಮೊದಲ ನೋಟಕ್ಕೆ ಏನನ್ನಿಸ್ತು? ಬರ್ಕೋಬೇಕು" ಎಂದರು. ಒತ್ತಕ್ಷರ ಚೆನ್ನಾಗಿ ಕೂತಿವೆ ಎಂದು ಹೇಳಿ ಫೋನಿಟ್ಟೆ. ಎದ್ದು ಹೋಗಿ ಕಾಫಿಗೆ ನೀರಿಟ್ಟೆ. ಆಗಲೂ ಅಳು ಬರಲಿಲ್ಲ.

ಬ್ರೌಸರ್ ಹೊರಬಂದು ಜನ ಬಳಸತೊಡಗಿದರು. ಭಾವನ ಕಂಪ್ಯೂಟರಿಗೂ ನಾನೇ ಹಾಕಿಕೊಟ್ಟೆ. ಅವರು ದಿನವೂ ಅದರಲ್ಲಿ ಪೇಪರು ಓದುವರು, ನನ್ನನ್ನು ಏನೂ ಕೇಳುತ್ತಿರಲಿಲ್ಲ. ಒಂದು ಬೆಳಗ್ಗೆ ಜೋರು ಗಾಳಿಗೆ ಎಲ್ಲಿಯೋ ತಂತಿ ಹರಿದು ನೆಟ್ ಹೋಯಿತು. ನಾನು ಹಜಾರದಲ್ಲಿ ಬೇಳೆ ಆರಿಸುತ್ತಿದ್ದೆ. ಭಾವ ಕನ್ನಡಕ ಸರಿಮಾಡಿಕೊಂಡು ಪರದೆಗೆ ಬಗ್ಗಿದರು.

"ಏನಮ್ಮಾ ಇದು, ಇಲ್ಲೊಂದು ಸಾಲು ಇಂಗ್ಲಿಷ್ ಬರ್ತಿದೆ? ಎಲ್ಲಾ ಮಾಡಿ ಇದೊಂದನ್ನ ಬಿಟ್ಟುಬಿಟ್ರಾ ನೀವಿಬ್ಬರೂ?"

"ಅದರ ಜಗಳ ಇನ್ನೂ ಮುಗಿದಿಲ್ಲ ಭಾವಾ," ಎಂದೆ.

ಹಾಗೆ ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಗೆ ಬಂತು. ಭಾವ ನಗಲು ಹೋದರು, ಆಗಲಿಲ್ಲ. ನಾನು ಅಳುತ್ತಿದ್ದೆ. ಮೊರವನ್ನು ಕೆಳಗಿಡಬೇಕೆಂಬ ಎಚ್ಚರವೂ ಇಲ್ಲದೆ, ಬೇಳೆಯೆಲ್ಲ ತೊಯ್ಯುವ ಹಾಗೆ, ಜೋರಾಗಿ ಅಳುತ್ತಿದ್ದೆ. ಭಾವ ಎದ್ದು ಬಂದು ಎದುರಿಗೆ ನೆಲದ ಮೇಲೆ ಕೂತರು. ಏನು ಮಾಡಬೇಕೆಂದು ತಿಳಿಯದೆ ಮೊರಕ್ಕೆ ಕೈಹಾಕಿ ಕಲ್ಲು ಆರಿಸತೊಡಗಿದರು. ಅವರ ಬೆನ್ನ ಹಿಂದೆ ನೆಟ್ ಯಾವಾಗಲೋ ಬಂದು, ಓದುವವರಿಲ್ಲದ ಪುಟವೊಂದು ತಾನಾಗಿ ತೆರೆದುಕೊಂಡಿತ್ತು.