ಬಿಳಿ ಸ್ಪ್ಲಿಂಟಿಗೆ ಕೆಂಪು ತೇಪೆ

ಸಂಕ್ರಾಂತಿ ಮುಗಿದು ವಾರವಾಗಿತ್ತು. ಅವರೆಕಾಯಿಯ ಕಾಲ. ಗುರುವಾರ ಬೆಳಿಗ್ಗೆ, ಬಿಸಿಲು ಇನ್ನೂ ಹಿತ್ತಲಿಗೆ ಇಳಿಯದ ಹೊತ್ತಿನಲ್ಲಿ, ಮೆಟ್ಟಿಲಿಳಿಯುತ್ತಿದ್ದ ಅಶ್ವಿನಿಯ ಬಲಗಾಲಿನಿಂದ ಟಕ್ ಎಂದು ಸದ್ದು ಬಂತು. ಅವಳು ಗೋಡೆ ಹಿಡಿದು ನಿಂತಳು. ಮುರಿದದ್ದು ಕಾಲಲ್ಲ, ಕಾಲಿಗೆ ಹಾಕುವ ಸ್ಪ್ಲಿಂಟು.

ಅದು ಬಿಳಿ ಪ್ಲಾಸ್ಟಿಕ್ಕಿನದು. ಮೊಣಕಾಲ ಕೆಳಗಿನಿಂದ ಹಿಮ್ಮಡಿ ಬಳಸಿ ಅಂಗಾಲಿನವರೆಗೆ, ಅರ್ಧ ಬೂಟಿನ ಹಾಗೆ ಇರುತ್ತದೆ. ಅಶ್ವಿನಿಗೆ ಮೂರು ವರ್ಷವಿದ್ದಾಗ ಬಂದ ಜ್ವರ ಬಿಡುವಾಗ ಬಲಪಾದದ ಕಸುವನ್ನೂ ತೆಗೆದುಕೊಂಡು ಹೋಗಿತ್ತು. ಸ್ಪ್ಲಿಂಟಿಲ್ಲದಿದ್ದರೆ ಪಾದ ಜೋತುಬಿದ್ದು ನೆಲ ಕೆರೆಯುತ್ತದೆ. ಈಗ ಹಿಮ್ಮಡಿಯ ಮೇಲೆ, ಒಳಮಗ್ಗುಲಲ್ಲಿ, ನಾಲ್ಕು ಬೆರಳುದ್ದ ಸೀಳಿತ್ತು.

ಶಿವಮೊಗ್ಗದಲ್ಲಿ ಅದನ್ನು ಮಾಡಿಕೊಟ್ಟವರಿಗೆ ಫೋನ್ ಮಾಡಿದರೆ, ಹೊಸದಕ್ಕೆ ಇಪ್ಪತ್ತು ದಿನ ಎಂದು ಬರೆದುಕೊಂಡರು. ಕೈಯಲ್ಲಿದ್ದದ್ದು ಹನ್ನೊಂದು ದಿನ. ಆಮೇಲಿನ ಸೋಮವಾರ ಅವಳು ಕಡೂರಿನ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ಹಾಜರಾಗಬೇಕೆಂದು ಆದೇಶ ಬಂದಿತ್ತು.

"ಹೋಗೋದೇನು, ನಿಮ್ಮಣ್ಣ ಹಿಡ್ಕೊಂಡು ಹೋಗಿ ಬಿಟ್ಟು ಬತ್ತಾನೆ," ಎಂದಳು ತಾಯಿ ಮಲ್ಲಿಕಾಂಬ.

"ಅದೇ ಆಗಬಾರದು ಅಂತ ನಾನು ಹೇಳ್ತಿರೋದು," ಎಂದಳು ಅಶ್ವಿನಿ. "ಸ್ಕೂಲಿಗೆ ಅಪ್ಪನ ಸೈಕಲ್ಲು, ಕಾಲೇಜಿಗೆ ಅಣ್ಣನ ಬೈಕು. ಮೊದಲನೇ ದಿನ ಅಣ್ಣನ ಹೆಗಲು ಹಿಡ್ಕೊಂಡು ಒಳಗೆ ಹೋದ್ರೆ, ರಿಟೈರ್ ಆಗೋವರೆಗೂ ನಾನು ಅಣ್ಣ ಕರ್ಕೊಂಬಂದ ಹುಡುಗೀನೇ ಕಣಮ್ಮ."

ತಂದೆ ದೇವೀರಪ್ಪ ಜಗಲಿಯ ಕೊನೆಯಲ್ಲಿ ಕೂತು ಸ್ಪ್ಲಿಂಟನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದರು. ಎಪ್ಪತ್ತು ವರ್ಷದ ಮನುಷ್ಯ. ಓದಿದ್ದು ಎರಡನೇ ಕ್ಲಾಸಿನವರೆಗೆ. ಮಾತು ಕಡಿಮೆ. ಉಗುರಿನಿಂದ ಅಂಚನ್ನು ಗೀರಿ ನೋಡಿದರು. ಗೀರು ಬೀಳಲಿಲ್ಲ.

"ಇದು ಗಮ್ಮಿಗೆ ಹಿಡಿಯೋ ಪ್ಲಾಸ್ಟಿಕ್ ಅಲ್ಲ ಕಣೋ," ಎಂದರು ಮಗ ಓಂಕಾರೇಶನಿಗೆ. "ಕಾಯಿಸಿ ಬೆಸೀಬೇಕು."

"ಅಪ್ಪಾ, ಇದು ಬಿಂದಿಗೆ ಅಲ್ಲ. ಡಾಕ್ಟ್ರು ಬರೆದುಕೊಟ್ಟಿರೋದು. ಸುಟ್ಟು ಹೋದ್ರೆ ಏನ್ಮಾಡ್ತೀಯ? ನೀನು ಸುಮ್ನಿರು."

ದೇವೀರಪ್ಪ ಸುಮ್ಮನಾದರು. ಆ ಮನೆಯಲ್ಲಿ ಅವರಿಗೆ ಚೆನ್ನಾಗಿ ಅಭ್ಯಾಸವಾದ ಕೆಲಸ ಅದೊಂದೇ.

ಓಂಕಾರೇಶನಿಗೆ ಅಜ್ಜಂಪುರದಲ್ಲಿ ಮೊಬೈಲ್ ಅಂಗಡಿ. ಪಕ್ಕದಲ್ಲೇ ದೇವರಾಜನ ಹಾರ್ಡ್‌ವೇರ್ ಅಂಗಡಿ. ಅಂದು ಸಂಜೆ ಅಲ್ಲಿಂದ ಒಂದು ಸಣ್ಣ ಟ್ಯೂಬು ಬಂತು. ಒಂದು ಹನಿ ಸಾಕು, ಚರ್ಮ ಕಿತ್ತು ಬಂದರೂ ಇದು ಬಿಡುವುದಿಲ್ಲ ಎಂದು ದೇವರಾಜ ಹೇಳಿದ್ದನಂತೆ. ಓಂಕಾರೇಶನ ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಹಿಡಿದುಕೊಂಡು ರಾತ್ರಿ ಊಟದವರೆಗೆ ಬಿಡಲಿಲ್ಲ. ಸ್ಪ್ಲಿಂಟು ಬೆಳಿಗ್ಗೆ ಎತ್ತಿದ ಕೂಡಲೇ ಬಿಟ್ಟುಕೊಂಡಿತು.

ಶುಕ್ರವಾರ ಎರಡು ಟ್ಯೂಬಿನದು ಬಂತು, ಆನೆ ಎಳೆದರೂ ಬರುವುದಿಲ್ಲ ಎಂಬ ದೇವರಾಜನ ಮಾತಿನ ಜೊತೆಗೆ. ಎರಡನ್ನೂ ಸಮ ಕಲಸಿ, ಮೆತ್ತಿ, ಸೈಕಲ್ ಟ್ಯೂಬಿನ ರಬ್ಬರು ಸುತ್ತಿ, ಒಂದು ದಿನ ಯಾರೂ ಮುಟ್ಟಕೂಡದು ಎಂದು ದೇವರ ಕೋಣೆಯಲ್ಲಿಟ್ಟ. ಶನಿವಾರ ಅಶ್ವಿನಿ ಬಿಚ್ಚಿ ಬಗ್ಗಿಸಿದರೆ ಗಮ್ಮು ಹಾಲಿನ ಕೆನೆಯ ಹಾಗೆ ಒಂದೇ ತುಂಡಾಗಿ ಎದ್ದು ಬಂತು. ಪ್ಲಾಸ್ಟಿಕ್ಕಿನ ಮೇಲೆ ಅದರ ಕಲೆ ಕೂಡ ಇರಲಿಲ್ಲ.

"ಆನೆ ಎಳೆದ್ರೂ ಬರಲ್ಲ ಅಂದಿದ್ನಲ್ಲ ಆ ದೇವರಾಜ," ಎಂದಳು ಅಶ್ವಿನಿ.

"ಆನೆ ಎಳೀಲಿಲ್ಲ, ನೀನು ಎಳೆದೆ," ಎಂದ ಓಂಕಾರೇಶ್ ಸಿಡುಕಿನಿಂದ.

ಆಮೇಲೆ ಪೈಪಿನ ಗಮ್ಮು. ಆಮೇಲೆ ಮೇಣದಂಥ ಕಡ್ಡಿ ಕರಗಿಸಿ ಸುರಿಯುವ ಗನ್ನು. ಆಮೇಲೆ ನೀರಿನ ಟ್ಯಾಂಕಿನ ತೂತಿಗೆ ಮೆತ್ತುವ ಕಪ್ಪು ಲಪ್ಪ. ಅದು ಸ್ಪ್ಲಿಂಟಿಗೆ ಬಿಟ್ಟು ಉಳಿದೆಲ್ಲದಕ್ಕೂ ಹಿಡಿಯಿತು: ಚಾಪೆಗೆ, ಓಂಕಾರೇಶನ ಪ್ಯಾಂಟಿಗೆ, ಬೆಕ್ಕಿನ ಬಾಲಕ್ಕೆ. ಒಂದೊಂದಕ್ಕೂ ಒಂದೊಂದು ದಿನ ಕಾಯಬೇಕು. ಒಂದೊಂದು ಬೆಳಿಗ್ಗೆಯೂ ಅದೇ ಸಣ್ಣ ಸದ್ದು, ಅದೇ ಸೀಳು, ಅಶ್ವಿನಿಯ ಅದೇ ನಿಟ್ಟುಸಿರು. ಅವಳು ಮನೆಯೊಳಗೆ ಗೋಡೆಯಿಂದ ಗೋಡೆಗೆ ಕೈಯಿಟ್ಟು ನಡೆಯುತ್ತಿದ್ದಳು. ಸುಣ್ಣದ ಗೋಡೆಯ ಮೇಲೆ ಅವಳ ಕೈಮಟ್ಟಕ್ಕೆ ಮಾಸಲು ಗೆರೆಯೊಂದು ಮೂಡತೊಡಗಿತ್ತು. ದೇವೀರಪ್ಪ ಆ ಗೆರೆ ಕಂಡಾಗಲೆಲ್ಲ ಎದ್ದು ಹೋಗಿ ನೀರೊಲೆಯ ಕೆಂಡ ಕೆದಕುತ್ತಿದ್ದರು.

"ಕಾಯಿಸಿ ಬೆಸೀಬೇಕು ಅಂದೆ," ಎಂದರು ಮಂಗಳವಾರ.

"ಆಯ್ತಪ್ಪಾ," ಎಂದ ಓಂಕಾರೇಶ್, ಫೋನಿನಿಂದ ತಲೆಯೆತ್ತದೆ. "ಅಂಟದ ಪ್ಲಾಸ್ಟಿಕ್ಕಿಗೇ ಅಂತ ಒಂದು ಐತೆ ಇಲ್ಲಿ. ಎರಡು ಬಾಟ್ಲಿ. ಮೊದಲನೇದು ಹಚ್ಚಿದ್ರೆ ಪ್ಲಾಸ್ಟಿಕ್ಕು ಹದಕ್ಕೆ ಬತ್ತದೆ, ಆಮೇಲೆ ಎರಡನೇದು. ಕೊರಿಯರ್ ಶನಿವಾರ ಬತ್ತದಂತೆ."

ದೇವೀರಪ್ಪನವರಿಗೆ ಗಮ್ಮಿನ ವಿಷಯ ಗೊತ್ತಿರಲಿಲ್ಲ, ಬಿಂದಿಗೆಯ ವಿಷಯ ಗೊತ್ತಿತ್ತು. ಹುಟ್ಟೂರು ಬುಕ್ಕಾಂಬುಧಿಯಲ್ಲಿ ಅವರಿಗೆ ಮೀಸೆ ಬರುವ ಕಾಲಕ್ಕೆ ಊರಿಗೆ ಪ್ಲಾಸ್ಟಿಕ್ ಬಿಂದಿಗೆ ಬಂದಿತ್ತು. ಕೆರೆಯ ಮೆಟ್ಟಿಲಿಗೆ ತಗುಲಿ ಅವು ಸೀಳುತ್ತಿದ್ದವು. ಬೇಸಿಗೆಯಲ್ಲಿ ಓಬಳಪ್ಪ ಎಂಬಾತ ಹೆಗಲಿಗೆ ಚೀಲ ಹಾಕಿಕೊಂಡು ಬರುತ್ತಿದ್ದ. ಚೀಲದಲ್ಲಿ ಒಂದು ಇದ್ದಿಲೊಲೆ, ಎರಡು ಕಬ್ಬಿಣದ ಚಪ್ಪಟೆ ಸರಳು, ಬಣ್ಣಬಣ್ಣದ ಪ್ಲಾಸ್ಟಿಕ್ ಚೂರು. ಬೇರೆ ಹುಡುಗರು ಕೆರೆಯಲ್ಲಿ ಈಜುವಾಗ ದೇವೀರಪ್ಪ ಅವನ ಒಲೆಯ ಮುಂದೆ ಕೂತಿರುತ್ತಿದ್ದರು.

"ಇದಕ್ಕೂ ಜಾತಿ ಐತೆ ಸಣ್ಣಗೌಡ್ರೇ," ಎನ್ನುತ್ತಿದ್ದ ಓಬಳಪ್ಪ. "ತನ್ನ ಜಾತೀದು ಸಿಕ್ಕಿದ್ರೆ ಕರಗಿ ಒಂದಾಗ್ತದೆ. ಬೇರೇದಾದ್ರೆ ಮೇಲೆ ಕೂತ್ಕಂಡು, ಆರಿದ್ಮೇಲೆ ಎದ್ದು ಹೋಗ್ತದೆ. ನಿಮ್ಮೂರಿನೋರ ಥರಾನೇ."

ಬೆಸೆದ ಬಿಂದಿಗೆಗೆ ನೀರು ತುಂಬಿ, ಸೋರುವುದಿಲ್ಲವೆಂದು ತೋರಿಸಿ, ಅದರಿಂದಲೇ ಬೊಗಸೆಗೆ ಬಗ್ಗಿಸಿಕೊಂಡು ಕುಡಿದು ಕೊಡುತ್ತಿದ್ದ. ಅವನು ಬೀದಿ ತಿರುಗುವವರೆಗೆ ಕಾದು ದೇವೀರಪ್ಪನ ತಾಯಿ ಆ ನೀರು ಚೆಲ್ಲಿ, ಬಿಂದಿಗೆಯನ್ನು ಹುಣಸೆಹಣ್ಣು ಹಾಕಿ ಮೂರು ಸಲ ತೊಳೆಯುತ್ತಿದ್ದಳು. ಒಂದು ಬೇಸಿಗೆ ಅವನು ತಿರುಗಿ ನೋಡಿದ. ಆಮೇಲೂ ಬರುತ್ತಿದ್ದ. ಕುಡಿದು ತೋರಿಸುವುದನ್ನು ಮಾತ್ರ ಬಿಟ್ಟಿದ್ದ.

ಶನಿವಾರ ಮಧ್ಯಾಹ್ನ ಕೊರಿಯರ್ ಬಂತು. ಓಂಕಾರೇಶ್ ಚೀಟಿಯನ್ನು ಎರಡು ಸಲ ಓದಿದ. ಸೀಳಿನ ಎರಡು ಅಂಚನ್ನೂ ಉಪ್ಪುಕಾಗದದಿಂದ ಉಜ್ಜಿ, ಮೊದಲ ಬಾಟ್ಲಿಯದನ್ನು ಸವರಿ, ಆರಲೆಂದು ಕಿಟಕಿಯ ಮೇಲಿಟ್ಟು ಕೈ ತೊಳೆಯಲು ಹೋದ. ಬರುವಾಗ ಫೋನ್ ಬಂದು ಹತ್ತು ನಿಮಿಷ ಮಾತಾಡಿದ. ಆಮೇಲೆ ಎರಡನೆಯದನ್ನು ಹಚ್ಚಿ, ಅದುಮಿ, ಹಗ್ಗ ಸುತ್ತಿದ. ಈ ಸಲ ದೇವೀರಪ್ಪನವರಿಗೂ ಇದು ನಿಂತೀತೇನೋ ಅನ್ನಿಸಿತು. ನಿಲ್ಲಲಿ ಎಂದೇ ಅನ್ನಿಸಿತು.

ಭಾನುವಾರ ಬೆಳಿಗ್ಗೆ ಎಲ್ಲರೂ ನಡುಮನೆಯಲ್ಲಿ ಸೇರಿದರು. ಮಲ್ಲಿಕಾಂಬ ತನ್ನ ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅಶ್ವಿನಿ ಸ್ಪ್ಲಿಂಟು ಕಟ್ಟಿಕೊಂಡು ಎದ್ದು ಒಂದು ಹೆಜ್ಜೆ ಇಟ್ಟಳು. ಎರಡನೆಯ ಹೆಜ್ಜೆಗೆ ಟಕ್ ಎಂದಿತು.

ಓಂಕಾರೇಶ್ ಅದನ್ನು ಬಿಚ್ಚಿ, ಬೆರಳಿನಿಂದ ಅಂಚು ಮುಟ್ಟಿದ. ಬೆರಳನ್ನು ಮೂಸಿದ.

"ಎಣ್ಣೆ ವಾಸ್ನೆ ಬತ್ತಾ ಐತಲ್ಲ."

ಮಲ್ಲಿಕಾಂಬ ಅವರೆಕಾಯಿಯೊಂದನ್ನು ಅಗತ್ಯಕ್ಕಿಂತ ನಿಧಾನವಾಗಿ ಸುಲಿದಳು.

"ಕೊಬ್ರಿ ಎಣ್ಣೆ," ಎಂದಳು. "ಕಿಟಕೀಲಿ ಇಟ್ಟಿದ್ಯಲ್ಲ, ಅದರ ಮೇಲೆ ಎಂಥದೋ ಬಿಳೀ ಪೊರೆ ಕಟ್ಟಿತ್ತು. ಗಲೀಜು ಅನ್ಕಂಡು ಎಣ್ಣೆ ಬಟ್ಟೇಲಿ ಒರೆಸಿ, ಕೆಲಸ ಆಗ್ಲಿ ಅಂತ ಒಂದ್ಚೂರು ವಿಭೂತಿ ಇಟ್ಟೆ. ನಿನ್ನೆ ಒಂದೇ ದಿನ ಅಲ್ಲ. ದಿನಾ ಪೂಜೆ ಆದ್ಮೇಲೆ ಇಡ್ತಾ ಇದ್ನಲ್ಲ. ಹೊಲಿಗೆ ಮಿಷನ್ನಿಗೂ ಎಣ್ಣೆ ಬಿಟ್ಟು ವಿಭೂತಿ ಇಡಲ್ವಾ ನಾನು?"

"ದಿನಾ," ಎಂದ ಓಂಕಾರೇಶ್.

"ದಿನಾ."

ಅವನು ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದ. "ಅಮ್ಮಾ, ಎಣ್ಣೆ ಮೇಲೆ ಯಾವ ಗಮ್ಮು ಹಿಡೀತದೆ ಹೇಳಮ್ಮ."

"ಬಿಡಣ್ಣ," ಎಂದಳು ಅಶ್ವಿನಿ. ಅವಳ ಧ್ವನಿ ಚಪ್ಪಟೆಯಾಗಿತ್ತು. "ನಾಳೆ ನಿನ್ನ ಹೆಗಲೇ ಗತಿ. ಶರ್ಟು ಇಸ್ತ್ರಿ ಮಾಡ್ಕೋ."

ದೇವೀರಪ್ಪ ಎದ್ದು ನಿಂತರು.

"ಎಲ್ಲರದೂ ಆಯ್ತಾ?" ಎಂದು ಕೇಳಿದರು. "ಗಮ್ಮು ಮುಗೀತಾ? ಎಣ್ಣೆ, ವಿಭೂತಿ, ದೇವರಾಜನ ಆನೆ, ಎಲ್ಲ ಮುಗೀತಾ? ಹತ್ತು ದಿನದಿಂದ ಹೇಳ್ತಿದೀನಿ, ಕಾಯಿಸಿ ಬೆಸೀಬೇಕು ಅಂತ. ಇದು ಡಾಕ್ಟ್ರು ಕೊಟ್ಟಿದ್ದಾದ್ರೂ ಪ್ಲಾಸ್ಟಿಕ್ಕೇ. ಇನ್ನೊಂದು ಸಲ ಸುಮ್ನಿರು ಅಂದ್ರೆ, ಈ ಮನೇಲಿ ಮಾತಾಡೋದೇ ಬಿಡ್ತೀನಿ."

ಅಷ್ಟು ಉದ್ದ ಅವರು ಮಾತಾಡಿದ್ದನ್ನು ಮಕ್ಕಳು ಕೇಳಿರಲಿಲ್ಲ. ಓಂಕಾರೇಶ್ ಸ್ಪ್ಲಿಂಟನ್ನು ಅವರ ಕೈಗಿಟ್ಟ.

ಮೊದಲು ಬಿಸಿನೀರು, ಸೋಪು, ಒಲೆಯ ಬೂದಿ ಹಾಕಿ ಎಣ್ಣೆ ಹೋಗುವವರೆಗೆ ಉಜ್ಜಿದರು. ಹಿತ್ತಲ ನೀರೊಲೆಯ ಕೆಂಡದಲ್ಲಿ ಹಳೆಯ ಚಪ್ಪಟೆ ಸ್ಕ್ರೂಡ್ರೈವರ್ ಮತ್ತು ಒಂದು ದಬ್ಬಳ ಇಟ್ಟರು. ಜಾತಿ ಹೊಂದೀತೇ ಎಂದು ನೋಡಲು ಒಡೆದ ಬಿಂದಿಗೆಯ ಚೂರನ್ನು ಸ್ಪ್ಲಿಂಟಿನ ಮೇಲ್ತುದಿಯ ಅಂಚಿನಲ್ಲಿ ಕರಗಿಸಿ ಹಚ್ಚಿದರು. ಆರಿದ ಮೇಲೆ ಉಗುರು ತಾಗಿಸಿದ್ದೇ ಉದುರಿತು. ಮಗ್ಗಿನ ಚೂರೂ ಉದುರಿತು. ಶಾಂಪೂ ಬಾಟ್ಲಿ ಹೊಗೆಯಾಡಿ ಎಲ್ಲರನ್ನೂ ಕೆಮ್ಮಿಸಿತು.

ದೇವೀರಪ್ಪ ಸುತ್ತ ನೋಡಿದರು. ಅವರ ಕಣ್ಣು ಬಾಗಿಲಾಚೆ ನಡುಮನೆಯಲ್ಲಿ ನಿಂತಿತು. ಹೋಗಿ ಕೆಂಪು ಕುರ್ಚಿಯ ಕೈಯನ್ನು ಉಗುರಿನಿಂದ ಗೀರಿದರು. ಗೀರು ಬೀಳಲಿಲ್ಲ.

"ಏಳು," ಎಂದರು ಹೆಂಡತಿಗೆ.

"ಯಾಕ್ರೀ? ನಾನೆಲ್ಲಿ ಕೂತ್ಕಳ್ಲಿ?"

"ಎಣ್ಣೆ ಬಟ್ಟೆ ಮೇಲೆ ಕೂತ್ಕ."

ಅಶ್ವಿನಿಗೆ ಬಂದ ನಗು ನಿಲ್ಲಲಿಲ್ಲ. ಕುರ್ಚಿ ಮಗುಚಿದಾಗ ಅಡಿಯಲ್ಲಿ ಮೂರು ಬಾಣದ ಮುಕ್ಕೋನದೊಳಗೆ ಐದು ಎಂದಿತ್ತು. ಅವಳು ಫೋನಿನಲ್ಲಿ ನೋಡಿದಳು. "ಅಪ್ಪಾ, ಐದು ಅಂದ್ರೆ ಪಾಲಿಪ್ರೊಪಿಲೀನಂತೆ. ಶಿವಮೊಗ್ಗದಲ್ಲಿ ಸ್ಪ್ಲಿಂಟಿಗೂ ಅದೇ ಹೆಸರು ಹೇಳಿದ್ರು."

"ಓಬಳಪ್ಪಂಗೆ ನಂಬರ್ ಗೊತ್ತಿರ್ಲಿಲ್ಲ," ಎಂದರು ದೇವೀರಪ್ಪ. ಮಕ್ಕಳಿಗೆ ಓಬಳಪ್ಪ ಯಾರೆಂದು ಗೊತ್ತಿರಲಿಲ್ಲ, ಕೇಳಲೂ ಇಲ್ಲ.

ಕುರ್ಚಿಯ ಬೆನ್ನಿನಿಂದ ಉದ್ದುದ್ದ ಪಟ್ಟಿಗಳನ್ನು ಗರಗಸದಲ್ಲಿ ಕುಯ್ದರು. ಸೀಳು ಇನ್ನು ಮುಂದಕ್ಕೆ ಓಡದಿರಲೆಂದು ಅದರ ತುದಿಗೆ ಕೆಂಡದ ದಬ್ಬಳದಿಂದ ಸಣ್ಣ ತೂತು ಹಾಕಿದರು. ಸೀಳಿನುದ್ದಕ್ಕೂ ಕಾಲುವೆ ಕೆತ್ತಿ, ಎರಡೂ ಅಂಚನ್ನು ಕಾದ ಸ್ಕ್ರೂಡ್ರೈವರಿನಿಂದ ಕರಗಿಸಿ, ಪಟ್ಟಿಯನ್ನೂ ಕರಗಿಸಿ, ಒಂದರೊಳಗೊಂದು ಕಲಸಿದರು. ಮೊದಲ ಸಲ ಸ್ಕ್ರೂಡ್ರೈವರ್ ಹೆಚ್ಚು ಕಾದು ಕೆಂಪು ಪಟ್ಟಿ ಸೀದು ಕಂದು ಬಣ್ಣವಾಯಿತು. ಬೈದುಕೊಂಡು, ಕೆರೆದು ತೆಗೆದು, ಮತ್ತೆ ಹಿಡಿದರು. ಹೊರಗಿನಿಂದ ಆದ ಮೇಲೆ ಒಳಗಿನಿಂದ. ಅಡ್ಡಕ್ಕೆ ಆರು ಕಡೆ ಮೋಟರಿನ ತಾಮ್ರದ ತಂತಿಯ ಚೂರು ಹುಗಿದು, ಅದರ ಮೇಲೆ ಇನ್ನೊಂದು ಪಟ್ಟಿ. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಓಂಕಾರೇಶ್ ಕೆಂಡ ಊದುತ್ತಾ ಕೂತಿದ್ದ.

"ನೀರಿಗೆ ಅದ್ದಿದ್ರೆ ಬೇಗ ಆರ್ತದೆ ಅಲ್ವೇನಪ್ಪ?"

"ಅದ್ದಿದ್ರೆ ಬಿರುಕು ಬಿಡ್ತದೆ. ತಾನೇ ಆರ್ಲಿ. ನಿಮ್ಮಮ್ಮ ಎಲ್ಲವಳೆ ನೋಡ್ಕ, ಸಾಕು."

ಸಂಜೆಗೆ ಒಳಬದಿಯನ್ನು ಕಾಲಿಗೆ ಚುಚ್ಚದಂತೆ ನಯ ಮಾಡಿದರು. ಎರಡೂ ಕೈಯಲ್ಲಿ ಹಿಡಿದು, ಮೊಣಕಾಲಿಗೆ ಕೊಟ್ಟು, ಹತ್ತು ದಿನದ ಸಿಟ್ಟೆಲ್ಲ ಹಾಕಿ ಬಗ್ಗಿಸಿದರು. ಸದ್ದು ಬರಲಿಲ್ಲ.

"ಇನ್ನೊಂದು ಹತ್ತು ದಿನಕ್ಕೆ ಅಷ್ಟೇ ಕಣವ್ವ," ಎಂದರು ಮಗಳಿಗೆ. "ಹೊಸದು ಬಂದ ತಕ್ಷಣ ಇದನ್ನ ಬಿಡ್ಬೇಕು. ದಿನಾ ಸಂಜೆ ಬಗ್ಗಿಸಿ ನೋಡು."

ಬಿಳಿ ಸ್ಪ್ಲಿಂಟಿನ ಹಿಮ್ಮಡಿಗೆ ಕೆಂಪು ತೇಪೆ, ಹಳೆಯ ಗಾಯದ ಹಾಗೆ ಉಬ್ಬಿತ್ತು. ಅಶ್ವಿನಿ ಅಂಗಳದಲ್ಲಿ ಹನ್ನೆರಡು ಸುತ್ತು ಹಾಕಿದಳು. ಗೋಡೆ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಕಡೂರಿನ ಕಡೆಯ ಪ್ಯಾಸೆಂಜರ್ ಗಾಡಿಗೆ ನಾಲ್ವರೂ ಸ್ಟೇಷನ್ನಿಗೆ ಬಂದರು. ಮಲ್ಲಿಕಾಂಬ ಬಗ್ಗಿ ಸ್ಪ್ಲಿಂಟಿಗೆ ವಿಭೂತಿ ಇಡಲು ಹೋದಾಗ ಮೂವರೂ ಅವಳ ಕೈ ನೋಡಿದರು.

"ಒಣಾ ವಿಭೂತಿ ಕಣ್ರೋ," ಎಂದಳು.

ಗಾಡಿ ನಿಂತಿತು. ಪ್ಲಾಟ್‌ಫಾರಂ ತಗ್ಗು, ಗಾಡಿಯ ಮೆಟ್ಟಿಲು ಎತ್ತರ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದ ಓಂಕಾರೇಶ್ ಅಭ್ಯಾಸದಂತೆ ಕೈ ಚಾಚಿದ. ಅಶ್ವಿನಿ ಆ ಕೈಗೆ ತನ್ನ ಬುತ್ತಿಯ ಚೀಲ ಕೊಟ್ಟಳು. ಕಂಬಿ ಹಿಡಿದು ಎಡಗಾಲು ಮೇಲಿಟ್ಟು, ಬಲಗಾಲನ್ನು ಎತ್ತಿ ಪಕ್ಕಕ್ಕೆ ತಂದಳು. ಇನ್ನೊಂದು ಮೆಟ್ಟಿಲು. ಇನ್ನೊಂದು. ದೇವೀರಪ್ಪ ಸದ್ದಿಗಾಗಿ ಕಿವಿಗೊಟ್ಟು ನಿಂತಿದ್ದರು. ಎಂಜಿನ್ನಿನ ಸದ್ದು ಬಿಟ್ಟರೆ ಬೇರೆ ಕೇಳಿಸಲಿಲ್ಲ.

ಬಾಗಿಲಲ್ಲಿ ನಿಂತು ಅವಳು ಕೆಳಗೆ ಕೈ ನೀಡಿದಳು. ಓಂಕಾರೇಶ್ ಚೀಲ ಕೊಟ್ಟ.

ಆ ಸೋಮವಾರ ಅಶ್ವಿನಿ ಒಬ್ಬಳೇ ಹೋದಳು.