ಹಗರೆಯ ಗೋಡೆಯ ಮೇಲಿನ ದೊಡ್ಡಜ್ಜಿ

ವಿಕ್ಟೋರಿಯಾ ರಾಣಿ ಬದುಕಿದ್ದಾಗ ನಡೆದ ಒಂದು ಕೊಲೆಯಿಂದಾಗಿ ಜಾವಗಲ್ಲಿನ ಮಹದೇವಮ್ಮನಿಗೆ ತನ್ನ ಜೀವದ ಗೆಳತಿಯನ್ನು ಮನೆಗೆ ಊಟಕ್ಕೆ ಕರೆಯುವ ಭಾಗ್ಯವಿರಲಿಲ್ಲ. ಗೆಳತಿಯ ಹೆಸರು ಗಿರಿಯಮ್ಮ, ಊರು ಹಗರೆ. ಇಬ್ಬರೂ ಹಳೇಬೀಡಿನ ಒಂದೇ ಶಾಲೆಯಲ್ಲಿ ಪಾಠ ಹೇಳಿ ಒಂದೇ ವರ್ಷ ನಿವೃತ್ತರಾದವರು. ಅಷ್ಟೂ ವರ್ಷ ಇವಳ ಡಬ್ಬಿಯ ಕಾಯಿಹೋಳಿಗೆ ಅವಳ ಹೊಟ್ಟೆಗೆ, ಅವಳ ಡಬ್ಬಿಯ ಹುರುಳಿಕಾಳಿನ ಬಸ್ಸಾರು ಇವಳ ಹೊಟ್ಟೆಗೆ. ಆದರೆ ಒಬ್ಬಳ ಹೊಸ್ತಿಲನ್ನು ಇನ್ನೊಬ್ಬಳು ತುಳಿದಿರಲಿಲ್ಲ.

ಅಡ್ಡ ನಿಂತಿದ್ದವರು ಮಹದೇವಮ್ಮನ ಮಾವ ರೇವಣಸಿದ್ದಪ್ಪ. ಎಂಬತ್ತು ದಾಟಿದ ಕೊಬ್ಬರಿ ವ್ಯಾಪಾರಿ, ಕಂಚಿನ ಕಂಠ. ಅವರಿಗೆ ಎರಡು ಕಥೆಗಳೆಂದರೆ ಪ್ರಾಣ. ಒಂದನ್ನು ಹಲ್ಲು ಕಡಿದುಕೊಂಡು ಹೇಳುತ್ತಿದ್ದರು, ಇನ್ನೊಂದನ್ನು ಮೀಸೆ ತಿರುವಿಕೊಂಡು.

ಹಲ್ಲು ಕಡಿಯುವ ಕಥೆ ಅವರ ಮುತ್ತಾತ ಚಿದಂಬರಪ್ಪನದು. ಅರಸೀಕೆರೆಗೆ ಹೊಸದಾಗಿ ರೈಲು ಬಂದ ವರ್ಷ ಸಾಹುಕಾರ ಚಿದಂಬರಪ್ಪ ಕೊಬ್ಬರಿ ಮಾರಲು ಅಲ್ಲಿಗೆ ಹೊರಟ. ಗಾಡಿ ಹೊಡೆದವನು ಹಗರೆಯ ಗಿಡ್ಡಪ್ಪ. ಮರುದಿನ ಗಾಡಿ ಬಂತು, ಸಾಹುಕಾರ ಬರಲಿಲ್ಲ. ಗಾಡಿಯ ಹಲಗೆಯ ಮೇಲೆ ರಕ್ತ, ರಕ್ತಕ್ಕೆ ಅಂಟಿಕೊಂಡ ಕೂದಲು. ಊರವರು ಹಿಡಿದು ಕೇಳಿದರು, ಅಮಲ್ದಾರರು ಬೆದರಿಸಿ ಕೇಳಿದರು. ಗಿಡ್ಡಪ್ಪ ಹೇಳಿದ್ದು ಒಂದೇ ಮಾತು: "ಸಾಹುಕಾರ್ರು ಬರಕಿಲ್ಲ." ಹೆಣ ಸಿಗಲಿಲ್ಲವೆಂದು ಕೋರ್ಟು ಅವನನ್ನು ಬಿಟ್ಟಿತು. ಜನ ಬಿಡುತ್ತಾರೆಯೇ? ಅಂದಿನಿಂದ ಅವನ ವಂಶಕ್ಕೆ ಕೊಲೆಗಾರರೆಂಬ ಪಟ್ಟ ಕಾಯಂ ಆಯಿತು. ಗಿರಿಯಮ್ಮ ಸೇರಿದ್ದು ಅದೇ ಮನೆಗೆ, ಗಿಡ್ಡಪ್ಪನ ಮರಿಮೊಮ್ಮಗನ ಹೆಂಡತಿಯಾಗಿ.

ಈಗ ಮಹದೇವಮ್ಮ ಕೊಬ್ಬರಿ ಕೊಟ್ಟಿಗೆಯ ಪಕ್ಕದಲ್ಲಿ ಹೊಸ ಮನೆ ಕಟ್ಟಿಸಿದ್ದಳು. ಮುಂದಿನ ಸೋಮವಾರ ಗೃಹಪ್ರವೇಶ. ಮಾವನ ಮುಂದೆ ಹೋಗಿ ನಿಂತಳು.

"ಗಿರಿಯಮ್ಮನ್ನ ಕರೀತೀನಿ ಮಾವ."

"ಕೊಂದ್ ಮನೇರು ನನ್ ಹೊಸ್ಲು ದಾಟೋ ಹಂಗಿಲ್ಲ ಕಣವ್ವ. ನಾನು ಸತ್ ಮ್ಯಾಲೆ ಕರ್ಕೊ."

"ನೀವು ಸಾಯೋ ಥರ ಕಾಣಲ್ಲ," ಎಂದಳು ಮಹದೇವಮ್ಮ. ಮಾವ ಸಂತೋಷದಿಂದ ನಕ್ಕರು, ಆದರೆ ಪಟ್ಟು ಬಿಡಲಿಲ್ಲ.

ಅಳುತ್ತಾ ಕೂರುವ ಹೆಂಗಸಲ್ಲ ಮಹದೇವಮ್ಮ. ಪತ್ತೇದಾರಿಕೆ ಅವಳ ರಕ್ತದಲ್ಲೇ ಇತ್ತು. ಶಾಲೆಯ ಹಿತ್ತಾಳೆ ಗಂಟೆ ಕಾಣೆಯಾದಾಗ ಪೊಲೀಸರು ಬರುವ ಮೊದಲೇ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ನಾಲಗೆ ಚಾಚಿಸಿದ್ದಳು. ಕೆಂಪಗಾದ ನಾಲಗೆಗಳ ಜಾಡು ಹಿಡಿದು ಐಸ್‌ಕ್ಯಾಂಡಿಯವನ ಡಬ್ಬದ ತಳದಿಂದ ಗಂಟೆ ಹೊರತೆಗೆದಿದ್ದಳು. ಅಂಥವಳಿಗೆ ಮನೆಯೊಳಗಿನ ಕೊಲೆಯನ್ನೇ ಇಷ್ಟು ದಿನ ವಿಚಾರಿಸದೆ ಬಿಟ್ಟೆನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ವಿಚಾರಣೆ ಎಂದಮೇಲೆ ಆರೋಪಿಯ ಮನೆ ನೋಡದೆ ಆಗುತ್ತದೆಯೇ? ಬೆಳಿಗ್ಗೆ ಹಳೇಬೀಡಿಗೆ ಹೋಗಿ ಬರುವೆನೆಂದು ಗಂಡನಿಗೆ ಹೇಳಿ, ಹಳೇಬೀಡನ್ನು ದಾಟಿ, ಹಗರೆಯಲ್ಲಿ ಬಸ್ಸಿಳಿದಳು.

ಡೇರಿಗೆ ಹಾಲು ಹಾಕಿ ಬರುತ್ತಿದ್ದ ಗಿರಿಯಮ್ಮ ಗೆಳತಿಯನ್ನು ಕಂಡು ಖಾಲಿ ಕ್ಯಾನು ಕೈಬಿಟ್ಟಳು.

"ಏನೇ ಇದು? ನಿಮ್ ಮಾವ ಹೋಗ್ಬಿಟ್ರಾ?"

"ಗುಂಡುಕಲ್ಲಿನ ಹಂಗವ್ರೆ. ನಾನು ಕೊಲೆ ಕೇಸು ವಿಚಾರಿಸಕ್ಕೆ ಬಂದಿದೀನಿ. ಮೊದ್ಲು ಕಾಫಿ ಕೊಡು."

ಮಹದೇವಮ್ಮ ಬಲಗಾಲಿಟ್ಟು ಹೊಸ್ತಿಲು ದಾಟಿದಳು. ಒಳಗೆ ಹೋದರೆ ಅದೂ ಎಲ್ಲರ ಮನೆಯ ಹಾಗೆಯೇ ಒಂದು ಮನೆ. ತೊಳೆದ ಹಜಾರ, ಹಾಲಿನ ವಾಸನೆ, ಗೋಡೆಯ ಮೇಲೆ ಸಾಲಾಗಿ ಹಿರಿಯರ ಫೋಟೋಗಳು. ಎಲ್ಲಕ್ಕಿಂತ ದೊಡ್ಡ ಚೌಕಟ್ಟಿನಲ್ಲಿ ಒಬ್ಬ ಹೆಂಗಸು. ದಪ್ಪ ಜರಿಯ ಸೀರೆ, ಮೂಗಿಗೆ ನತ್ತು, ಕೈಯಲ್ಲಿ ವೀಣೆ, ಹಿಂದೆ ಅರಮನೆಯೂ ಹಂಸದ ಕೊಳವೂ ಇರುವ ಬಣ್ಣದ ಪರದೆ. ಗಾಜಿನ ಮೇಲೆ ಹೊಸ ಕುಂಕುಮ.

"ಇವ್ರು ಯಾರೆ?"

"ನಮ್ ದೊಡ್ಡಜ್ಜಿ. ಗಿಡ್ಡಪ್ಪಜ್ಜ ಅರಸೀಕೆರೆಯಿಂದ ತಂದು ನೇತಾಕಿದ್ದಂತೆ. 'ಇವ್ರ ಋಣದ ಅನ್ನ ತಿಂತಿದೀವಿ, ವರ್ಷಕ್ಕೊಂದ್ ಸಲ ಕುಂಕುಮ ಇಡಿ' ಅಂದಿದ್ದನಂತೆ. ಅದಕ್ಕೇ ಇಡ್ತೀವಿ."

ಮಹದೇವಮ್ಮ ಕನ್ನಡಕ ಒರೆಸಿಕೊಂಡು ಹತ್ತಿರ ಹೋದಳು. ದೊಡ್ಡಜ್ಜಿ ವೀಣೆಯನ್ನು ತಲೆಕೆಳಗಾಗಿ ಹಿಡಿದಿದ್ದಳು. ಅದು ಹೋಗಲಿ. ಅವಳ ಕೊರಳಿನಿಂದ ಎದೆಗೆ ಇಳಿದಿದ್ದ ದಾರದಲ್ಲಿ ಮೊಟ್ಟೆಯಾಕಾರದ ಒಂದು ಬೆಳ್ಳಿಯ ಡಬ್ಬಿ ಇತ್ತು.

"ಅದು ಏನದು, ಎದೆ ಮೇಲೆ?"

"ಪದಕ ಇರ್ಬೇಕು."

ಪದಕವಲ್ಲ. ಮಹದೇವಮ್ಮನ ಕೈ ತಾನಾಗಿ ತನ್ನ ಸೆರಗಿನೊಳಗೆ ಹೋಗಿ ತನ್ನದೇ ಕರಡಿಗೆಯನ್ನು ಮುಟ್ಟಿತು. ಇಷ್ಟಲಿಂಗವನ್ನು ಇಡುವ ಬೆಳ್ಳಿಯ ಕರಡಿಗೆ, ಕಟ್ಟಿದವರು ಉಸಿರಿರುವ ತನಕ ಕೊರಳಿನಿಂದ ಬಿಚ್ಚುವುದಿಲ್ಲ. ರಂಗನಾಥನ ಒಕ್ಕಲಾದ ಗಿರಿಯಮ್ಮನ ಮನೆಯಲ್ಲಿ ಲಿಂಗ ಕಟ್ಟಿದ ಅಜ್ಜಿ ಎಲ್ಲಿಂದ ಬಂದಳು? ನಿಧಾನಕ್ಕೆ ಕಣ್ಣೆತ್ತಿ ಅಜ್ಜಿಯ ಮುಖ ನೋಡಿದಳು. ನತ್ತಿನ ಮೇಲೆ ದೊಣ್ಣೆ ಮೂಗು. ಎಡಗಿವಿಯ ಮೇಲಂಚು ಮಡಿಸಿದ ವೀಳ್ಯದೆಲೆಯ ಹಾಗೆ ಒಳಕ್ಕೆ ಮಡಿಚಿಕೊಂಡಿತ್ತು. ಆ ಕಿವಿಯನ್ನು ಅವಳು ದಿನಾ ನೋಡುತ್ತಿದ್ದಳು. ಬೆಳಿಗ್ಗೆ ತಾನೇ ಆ ಕಿವಿಗೆ "ಹೋಗ್ಬತ್ತೀನಿ ಮಾವ" ಎಂದು ಕೂಗಿ ಬಂದಿದ್ದಳು.

ಮಹದೇವಮ್ಮ ಕುರ್ಚಿಯ ಮೇಲೆ ಧೊಪ್ಪನೆ ಕೂತಳು. ಆಮೇಲೆ ನಗಲು ಶುರು ಮಾಡಿದವಳು ಕಣ್ಣಲ್ಲಿ ನೀರು ಬರುವವರೆಗೂ ನಿಲ್ಲಿಸಲಿಲ್ಲ.

"ಗಿರಿಯಮ್ಮ, ನೀವು ಇಷ್ಟ್ ವರ್ಷ ಕುಂಕುಮ ಇಟ್ಟಿರೋದು ನಮ್ ಚಿದಂಬರಪ್ಪ ಸಾಹುಕಾರ್ರಿಗೆ ಕಣೇ! ಇದು ನಾಟಕದ ಪರದೆ. ಇವ್ರು ಹೆಣ್ಣಲ್ಲ, ಹೆಣ್ಣಿನ ಪಾರ್ಟು! ಕೊಲೆ ಆಗಿಲ್ಲ, ನಾಟಕದ ಕಂಪ್ನಿ ಸೇರಕ್ಕೆ ಓಡಿಹೋಗವ್ರೆ!"

"ಹಂಗಾದ್ರೆ ಗಾಡೀಲಿದ್ದ ರಕ್ತ?"

"ಮೀಸೆ ಬೋಳಿಸ್ಕೊಂಡ್ರು. ಓಡೋ ಗಾಡೀಲಿ ಬೋಳಿಸ್ಕೊಂಡ್ರೆ ಕುಯ್ಯದೆ ಇರ್ತದಾ? ಆ ಕೂದ್ಲು ತಲೇದಲ್ಲ, ಮೀಸೇದು."

ಗಿರಿಯಮ್ಮ ಗೋಡೆಯನ್ನೂ ಗೆಳತಿಯನ್ನೂ ನೋಡಿದಳು. ಅವಳು ನಗಲಿಲ್ಲ. "ಗಿಡ್ಡಪ್ಪಜ್ಜ ಮಾತು ಕೊಟ್ಟಿದ್ದ ಅಂತ ಕಾಣ್ತದೆ," ಎಂದಳು ಮೆಲ್ಲಗೆ. "ಅದಕ್ಕೇ ಬಾಯಿ ಬಿಡ್ಲಿಲ್ಲ. ಸಾಯೋ ತನಕ ಕೊಲೆಗಾರ ಅನ್ನಿಸ್ಕೊಂಡ."

ಮಹದೇವಮ್ಮನ ನಗುವೂ ಇಳಿಯಿತು. ಒಂದು ಮನೆಯ ಮರ್ಯಾದೆ ಉಳಿಯಲೆಂದು ಇನ್ನೊಂದು ಮನೆ ಮೂರು ನಾಲ್ಕು ತಲೆಮಾರು ತಲೆ ತಗ್ಗಿಸಿತ್ತು. ಅವಳಿಗೆ ನಾಚಿಕೆಯಾಯಿತು. ಫೋನಿನಲ್ಲಿ ದೊಡ್ಡಜ್ಜಿಯ ಚಿತ್ರ ತೆಗೆದುಕೊಂಡು ಮುಂದಿನ ಬಸ್ಸಿಗೇ ಹೊರಟಳು.

ಮಾವ ಕೊಬ್ಬರಿ ರಾಶಿಯ ಪಕ್ಕದಲ್ಲಿ ಎಲೆಯಡಿಕೆ ಹಾಕುತ್ತಿದ್ದರು. ಫೋಟೋ ತೋರಿಸಿದರೆ ಅವರು ಫೋನನ್ನೇ ಎಸೆಯುತ್ತಾರೆಂದು ಮಹದೇವಮ್ಮನಿಗೆ ಗೊತ್ತಿತ್ತು. ಹಾಗಾಗಿ ಮೊದಲು ಅವರ ಮೀಸೆ ತಿರುವುವ ಕಥೆಯನ್ನು ಕೇಳಿದಳು.

"ಮಾವ, ನಿಮ್ ತಾತ ಹುಟ್ಟಿದ್ದು ಯಾವಾಗ?"

"ಪ್ಲೇಗಿನ ವರ್ಷ!" ಮಾವನ ಕೈ ಮೀಸೆಗೆ ಹೋಯಿತು. "ಊರೋರೆಲ್ಲ ಮನೆ ಬಿಟ್ಟು ಹೊಲ್ದಲ್ಲಿ ಗುಡ್ಸಲು ಹಾಕ್ಕಂಡಿದ್ರು. ನಮ್ ಬೋರಮ್ಮಜ್ಜಿ ಸೂಲಗಿತ್ತೀನೂ ಇಲ್ದೆ ಅಲ್ಲೇ ಹಡೆದ್ಲು. ಅದಕ್ಕೇ ಗುಡ್ಸಲಪ್ಪ ಅಂತ ಹೆಸ್ರು ಬಂದಿದ್ದು."

"ಬೋರಮ್ಮಜ್ಜಿ ಅಂದ್ರೆ ಚಿದಂಬರಪ್ಪಜ್ಜನ ಹೆಂಡ್ತಿ ಅಲ್ವಾ? ವರ್ಷ ವರ್ಷ ರೈಲು ಹತ್ತಿ ತೌರಿಗೆ ಹೋಗೋರಲ್ಲ, ಅವ್ರೇ?"

"ಅವ್ಳೇ. ಗಟ್ಟಿ ಹೆಂಗ್ಸು."

"ಅವ್ರ ತೌರು ಹಾರನಹಳ್ಳಿ. ಹಾರನಹಳ್ಳಿಗೆ ಯಾವ ರೈಲು ಹೋಗ್ತದೆ ಮಾವ?"

ಮಾವನ ಬಾಯಿಯಲ್ಲಿ ಅಡಿಕೆ ನಿಂತಿತು.

"ಅರಸೀಕೆರೆಗೆ ರೈಲು ಬಂದಿದ್ದು ಪ್ಲೇಗಿಗೆ ಮುಂಚೆಯೋ, ಆಮೇಲೋ?"

"ಮುಂಚೆ. ಎಂಟೊಂಬತ್ ವರ್ಷ ಮುಂಚೆ."

"ರೈಲು ಬಂದ ವರ್ಷ ಚಿದಂಬರಪ್ಪಜ್ಜನ ಕೊಲೆ ಆಯ್ತು. ಎಂಟೊಂಬತ್ತು ವರ್ಷ ಆದ್ಮೇಲೆ ಅವ್ರ ಮಗ ಗುಡ್ಸಲಪ್ಪ ಹುಟ್ಟಿದ್ರು." ಮಹದೇವಮ್ಮ ಸೆರಗು ಸರಿಮಾಡಿಕೊಂಡಳು. "ಹೆಂಗ್ ಮಾವ?"

ಜೀವಮಾನವಿಡೀ ಎರಡು ಕಥೆಗಳನ್ನೂ ಹೇಳಿದ್ದ ಮುದುಕರು ಎರಡನ್ನೂ ಒಂದೇ ದಿನ ಹೇಳಿರಲಿಲ್ಲ. ಕೊಲೆ ನಿಜವೆಂದರೆ ಬೋರಮ್ಮಜ್ಜಿಯ ಮಾನ ಹೋಗುತ್ತದೆ. ಬೋರಮ್ಮಜ್ಜಿಯ ಮಾನ ಉಳಿಯಬೇಕೆಂದರೆ ಕೊಲೆಯನ್ನು ಬಿಟ್ಟುಕೊಡಬೇಕು. ರೇವಣಸಿದ್ದಪ್ಪನವರು ಎಲೆಯಡಿಕೆ ಉಗಿದು ಬಂದು ಎದೆ ಸೆಟೆಸಿ ಕೂತರು.

"ಕೊಲೇನೇ ಆಗಿಲ್ಲ ಕಣವ್ವ!" ಎಂದು ಗುಡುಗಿದರು. "ಯಾವನ್ ಹೇಳಿದ್ದು ಕೊಲೆ ಆಗೈತೆ ಅಂತ?"

"ಬೋರಮ್ಮಜ್ಜಿ ರೈಲು ಹತ್ತಿ ಹೋಗ್ತಿದ್ದಿದ್ದು ಇವ್ರನ್ನ ನೋಡಕ್ಕೆ," ಎಂದು ಆಗ ಮಹದೇವಮ್ಮ ಫೋನು ಕೈಗಿಟ್ಟಳು. ಮಾವ ಚಿತ್ರವನ್ನು ಹಿಗ್ಗಿಸಿ ನೋಡಿದರು, ಕರಡಿಗೆ ನೋಡಿದರು, ಕಿವಿ ನೋಡಿ ತಮ್ಮ ಎಡಗಿವಿ ಮುಟ್ಟಿಕೊಂಡರು. ಬೈಗುಳಕ್ಕೆ ಅವಳು ಸಿದ್ಧಳಾಗಿಯೇ ನಿಂತಿದ್ದಳು.

"ಸೀರೆ ಒಪ್ಪೈತೆ," ಎಂದರು ಮಾವ. ಆಮೇಲೆ ಹೊಟ್ಟೆ ಕುಲುಕಿಸಿಕೊಂಡು ನಕ್ಕರು. ನಗು ಮುಗಿದ ಮೇಲೆ ಪಂಚೆಯ ತುದಿಯಿಂದ ಬಹಳ ಹೊತ್ತು ಕಣ್ಣೊರೆಸಿಕೊಂಡರು. "ಆ ಮನೇರ್ನ ಎಷ್ಟ್ ಸಂತೇಲಿ ಬೈದಿದೀನೋ ನಾನು," ಎಂದರು.

ಮರುದಿನ ತಾವೇ ಹಗರೆಗೆ ಹೋಗಿ ಗಿರಿಯಮ್ಮನಿಗೆ ಕೈ ಮುಗಿದು ತಪ್ಪಾಯಿತೆಂದರು, ಗೃಹಪ್ರವೇಶಕ್ಕೆ ಕರೆದರು. ಅವಳು ಬಡಿಸಿದ ಬಸ್ಸಾರನ್ನು ಎರಡು ಸಲ ಹಾಕಿಸಿಕೊಂಡರು. ಅಷ್ಟು ಮಾಡಿ ಸುಮ್ಮನೆ ಬರುವುದು ಬಿಟ್ಟು, ಗೋಡೆಯ ಫೋಟೋ ಕೊಡು ಎಂದರು. ಗಿರಿಯಮ್ಮ ಸೊಂಟಕ್ಕೆ ಕೈಯಿಟ್ಟಳು.

"ಅದು ನಮ್ ದೊಡ್ಡಜ್ಜಿ. ಕೊಡಕಾಗಲ್ಲ."

"ನನ್ ಮುತ್ತಾತ ಕಣವ್ವ ಅದು!"

"ಆಗಿರ್ಲಿ. ಕುಂಕುಮ ಇಟ್ಟೋರು ನಾವು."

ಈ ನ್ಯಾಯಕ್ಕೆ ಎದುರಾಡಲಾರದೆ ರೇವಣಸಿದ್ದಪ್ಪ ಹಿಂದಿರುಗಿದರು. ದಾರಿಯುದ್ದಕ್ಕೂ ಗೊಣಗಿದರೆಂದು ಕಾರು ಓಡಿಸಿದ ಮಗ ಬಂದು ಹೇಳಿದ.

ಸೋಮವಾರ ಹೊಸ ಮನೆಯ ಒಲೆಯ ಮೇಲೆ ಹಾಲಿಟ್ಟು ಮಹದೇವಮ್ಮ ಬಾಗಿಲನ್ನೇ ನೋಡುತ್ತಿದ್ದಳು. ಆಟೋ ನಿಂತಿತು. ಹಸಿರು ರೇಷ್ಮೆ ಸೀರೆ ಉಟ್ಟ ಗಿರಿಯಮ್ಮ ಇಳಿದಳು. ಅವಳ ತೋಳಲ್ಲಿ ಹೊಸ ಟವೆಲ್ಲಿನಲ್ಲಿ ಸುತ್ತಿದ ಒಂದು ದೊಡ್ಡ ಚೌಕಟ್ಟಿತ್ತು. "ಊಟ ಆದ್ಮೇಲೆ ವಾಪಸ್ ಕರ್ಕೊಂಡ್ ಹೋಗೋಳೇ ನಾನು," ಎಂದು ಮೊದಲೇ ಎಲ್ಲರಿಗೂ ಕೇಳುವಂತೆ ಎಚ್ಚರಿಸಿದಳು. ಹೊಸ್ತಿಲ ಹತ್ತಿರ ನಿಂತು ಟವೆಲ್ಲು ತೆಗೆದಳು. ದೊಡ್ಡಜ್ಜಿಗೆ ಹೊಸ ಕುಂಕುಮ, ಮಲ್ಲಿಗೆಯ ದಂಡೆ.

ಗಿರಿಯಮ್ಮ ಚೌಕಟ್ಟನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಳು. ಗಿಡ್ಡಪ್ಪ ಅಂದು ಹೇಳದೆ ಉಳಿಸಿದ್ದ ಮಾತನ್ನು ಗಟ್ಟಿಯಾಗಿಯೇ ಹೇಳಿದಳು.

"ಸಾಹುಕಾರ್ರು ಬಂದವ್ರೆ. ಒಳಕ್ಕೆ ಕರ್ಕೊಳಿ."

ರೇವಣಸಿದ್ದಪ್ಪ ತಂಬಿಗೆ ಹಿಡಿದು ಬಂದು, ಬೇಡ ಬೇಡ ಎನ್ನುತ್ತಿದ್ದ ಗಿರಿಯಮ್ಮನ ಕಾಲಿಗೆ ತಾವೇ ನೀರು ಹಾಕಿದರು. ಮಹದೇವಮ್ಮ ಓಡಿ ಬಂದು ಗೆಳತಿಯ ಕೈ ಹಿಡಿದು ಹೊಸ್ತಿಲು ದಾಟಿಸಿದಳು. ಒಳಗೆ, ನೋಡುವವರಿಲ್ಲದೆ, ಹಾಲು ತಾನಾಗಿಯೇ ಉಕ್ಕಿತು.