ಮುಧೋಳ ತಿರುವಿನ ಸೊನ್ನೆ

"ಏ ಬೇ, ಸೊನ್ನಿ ದುಂಡಗ ಬರಿ! ಸೊಟ್ಟ ಆದ್ರ ಮಂತ್ರಿಗಳ ಮುಂದ ನನ್ನ ಮಾನಾ ಹೋಗ್ತೈತಿ," ಎಂದು ಗುತ್ತಿಗೆದಾರ ಅಣ್ಣಾಸಾಹೇಬ ಎಲೆಯಡಿಕೆ ಉಗುಳಿದ.

ಶೇವಂತಿ ಕುಂಚ ತಿರುಗಿಸಿದಳು. ಮುಧೋಳದ ಹೊರಗಿನ ತಿರುವಿನಲ್ಲಿ ಆಳೆತ್ತರದ ಬೋರ್ಡು ನಿಂತಿತ್ತು. 'ಸುರಕ್ಷತಾ ಯೋಜನೆಯ ಫಲ. ಹೋದ ವರ್ಷ ಸಾವು 9. ಈ ವರ್ಷ 0.' ಯೋಜನೆ ಎಂದರೆ ಈ ಬೋರ್ಡೇ, ಬೇರೇನೂ ಆಗಿರಲಿಲ್ಲ.

ಬೋರ್ಡು ಬರೆಯುವುದು ಅವಳ ಗಂಡ ದುರಗೇಶನ ಕಸುಬು. ಅವಳು ಬಣ್ಣ ತುಂಬುವವಳು. ಈ ವರ್ಷ ಕಬ್ಬಿನ ಸುಗ್ಗಿ ಶುರುವಾದ ವಾರ, ಮುಸ್ಸಂಜೆ, ಇದೇ ತಿರುವಿನಲ್ಲಿ ಅವನ ಸೈಕಲ್ಲು ಕಬ್ಬಿನ ಟ್ರೇಲರಿಗೆ ಬಡಿದಿತ್ತು. ಟ್ರೇಲರಿನ ಹಿಂದೆ ದೀಪವಿರಲಿಲ್ಲ, ಹರಕು ಕೆಂಪು ಸೀರೆಯ ತುಂಡು ಕಟ್ಟಿದ್ದರು. ಮೂವತ್ತೊಂದು ದಿನ ಜೀವ ಹಿಡಿದುಕೊಂಡು ಮಲಗಿ, ಕೊನೆಗೆ ಹೋದ.

ಫೈಲು ಹಿಡಿದ ರಸ್ತೆ ಇಲಾಖೆಯ ಸಾಹೇಬ ಜೀಪಿನಿಂದ ಇಳಿದ.

"ಸಾಹೇಬ್ರ, ಸೊನ್ನಿ ಅಳಿಸಿ ನನ್ನ ಗಂಡಂದು ಒಂದು ಬರೀಲೇನ್ರಿ?"

"ಎಷ್ಟ ಸಲ ಹೇಳ್ಬೇಕು? ಮೂವತ್ತ ದಿನದಾಗ ಸತ್ರ ಅಪಘಾತದ ಸಾವು. ಅಂವಾ ಒಂದ ದಿನಾ ಹೆಚ್ಚಿಗಿ ಬದುಕ್ಯಾನ. ನಮ್ಮ ಲೆಕ್ಕಕ್ಕ ಬರಂಗಿಲ್ಲ."

"ಸತ್ತಿಲ್ಲಂದ್ರ ಮನಿಗಿ ಕಳಸ್ರಿ. ರೊಟ್ಟಿ ಬಡದ ಇಟ್ಟೇನಿ."

ಅಣ್ಣಾಸಾಹೇಬ ಕಿಸಕ್ಕನೆ ನಕ್ಕ. "ಮೈಗಳ್ಳ ಅಂವಾ! ಸಾಯಾಕೂ ತಡಾ ಮಾಡಿದ ನೋಡ್ರಿ."

"ಇಲ್ಲಿ ದೀಪದ ಕಂಬಾ ಹಾಕ್ತೇವಂದಿದ್ರಲ್ರಿ?"

"ಸಾವ ಇಲ್ಲದ ಜಾಗಾಕ್ಕ ದೀಪ ಯಾಕ ಬೇಕು? ಬ್ಯಾರೆ ಕಡೆ ಕಳಿಸೇವಿ," ಎಂದ ಸಾಹೇಬ.

ಶೇವಂತಿ ತಿರುವಿನತ್ತ ನೋಡಿದಳು. ಮಗಳು ಕಾಂಚನಾ ದಿನಾ ಸಂಜೆ ಶಾಲೆ ಬಿಟ್ಟು ಸೈಕಲ್ ತುಳಿದು ಬರುವುದು ಇದೇ ತಿರುವಿನಲ್ಲಿ.

ದೂರದಲ್ಲಿ ಸೈರನ್ ಕೇಳಿತು. ಸಾಹೇಬ, ಅಣ್ಣಾಸಾಹೇಬ ಇಬ್ಬರೂ ಹಾರ ಹಿಡಿದು ರಸ್ತೆಗೆ ಓಡಿದರು. ಶೇವಂತಿ ಕುಂಚವನ್ನು ಕೆಂಪು ಡಬ್ಬಿಯಲ್ಲಿ ಅದ್ದಿ, ಸೊನ್ನೆಯ ಎಡಕ್ಕೆ ನೆಟ್ಟಗೆ ಒಂದು ಗೆರೆ ಎಳೆದಳು.

ಅಣ್ಣಾಸಾಹೇಬ ತಿರುಗಿ ನೋಡಿ ಎದೆ ಬಡಿದುಕೊಂಡ. "ಏ ರಂಡಿ! ಹತ್ತಾತಲ್ಲ! ಹ್ವಾದ ವರ್ಷಕ್ಕಿಂತ ಒಂದು ಹೆಚ್ಚಾತಲ್ಲ!"

"ಒಂದು ನನ್ನ ದುರಗೇಶಂದು. ಉಳಿದ ಒಂಬತ್ತು ಯಾರ್ಯಾರಂತ ನಿಮ್ಮ ಫೈಲಿನಾಗ ಹುಡುಕ್ರಿ. ಮೂವತ್ತೊಂದನೇ ದಿನದಾಗ ಸಿಗ್ತಾರ."

ಸಾಹೇಬ ಓಡಿ ಬಂದು ಕೈಯಲ್ಲಿದ್ದ ಹಾರದಿಂದಲೇ ಒರೆಸತೊಡಗಿದ. ಎಣ್ಣೆ ಬಣ್ಣ, ಒರೆಸಿದಷ್ಟೂ ಹರಡಿತು. ಬೋರ್ಡಿನ ತುಂಬಾ ಕೆಂಪಾಯಿತು. ಹಾರದಲ್ಲಿದ್ದ ಹೂವುಗಳೂ ಕೆಂಪಾದವು. ಮಂತ್ರಿಗಳ ಕಾರು ಬಂದು ಬೋರ್ಡಿನೆದುರು ನಿಂತಿತು.